ದೊಡ್ಡಪ್ಪನಿಗೆ ಕೈ ಕೊಟ್ಟರೆ

ನಮ್ಮ ದೊಡ್ಡಪ್ಪನ ಕೈ ಕುಲುಕಲು ಎಂಟೆದೆ ಬೇಕು! ಕೊಟ್ಟ ಕೈ ಅಷ್ಟು ಸುಲಭವಾಗಿ ವಾಪಸು ಬರುವುದಿಲ್ಲ. ಒಂದೊಂದೇ ಬೆರಳಿನ ಗಿಣ್ಣು ಒತ್ತಿ, ಮಣಿಕಟ್ಟು ಮಡಿಸಿ, ಊತವಿಲ್ಲವೆಂದು ಖಾತ್ರಿಯಾದ ಮೇಲೆಯೇ ಬಿಡುಗಡೆ. ಅವರು ಸಂಧಿವಾತದ ಡಾಕ್ಟರು, ಅಂದರೆ ರುಮಟಾಲಜಿಸ್ಟ್.

ಜಯನಗರದಲ್ಲಿ ಅವರು ಬೋರ್ಡು ಹಾಕಿದಾಗ ಆ ಪದ ಕೇಳಿದವರೇ ಇರಲಿಲ್ಲ. ಮೊದಲ ದಿನ ಬಂದ ಒಬ್ಬರೇ ಒಬ್ಬರು, ಬಾಡಿಗೆಗೆ ರೂಮು ಇದೆಯಾ ಎಂದು ಕೇಳಿದರಂತೆ. ಅವರ ಕೈಯನ್ನೂ ಒತ್ತಿ ನೋಡದೆ ಕಳಿಸಲಿಲ್ಲ.

ರೋಗಿಗಳು ಬಾರದಿದ್ದರೇನು, ಇವರೇ ಹೊರಟರು! ಸಂಶೋಧನೆಯೆಂದು ಪುಟ್ಟೇನಹಳ್ಳಿಯ ಮನೆಮನೆಗೆ ಹೋಗಿ, ಬೆಳಿಗ್ಗೆ ಎದ್ದಾಗ ಬೆರಳು ಬಿಗಿಯುತ್ತದೆಯೇ ಎಂದು ಕೇಳುವುದು. ಎಲ್ಲರದೂ ಒಂದೇ ಉತ್ತರ: ವಾಯು, ವಯಸ್ಸಾಯ್ತಲ್ಲ. ಇನ್ನೂ ಮೂವತ್ತು ದಾಟದ ಹೆಂಗಸರೂ ಹಾಗೆಂದಾಗ ದೊಡ್ಡಪ್ಪನಿಗೆ ರೇಗಿಹೋಗುತ್ತಿತ್ತು.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ಹುಡುಗನ ತಾಯಿ ಕಾಫಿ ಲೋಟ ಹಿಡಿದಿದ್ದ ಕೈಯನ್ನೇ ಇವರು ಹಿಡಿದುಕೊಂಡರು. ಯಾವ ಬೆರಳು ಜಾಸ್ತಿ ನೋಯುತ್ತದೆ ಎಂಬ ವಿಚಾರಣೆ ಬೇರೆ. ಸಂಬಂಧ ಕೆಟ್ಟಿತು ಎಂದು ಅಮ್ಮ ಹಣೆ ಚಚ್ಚಿಕೊಂಡಳು. ಮರುವಾರ ಆಕೆ ಬಂದದ್ದು ನಮ್ಮ ಮನೆಗಲ್ಲ, ದೊಡ್ಡಪ್ಪನ ಕ್ಲಿನಿಕ್ಕಿಗೆ! ಮದುವೆಯೂ ಆಯಿತೆನ್ನಿ. ಅತ್ತೆಮನೆಯಲ್ಲಿ ಈಗಲೂ ನನಗಿಂತ ದೊಡ್ಡಪ್ಪನಿಗೇ ಮರ್ಯಾದೆ ಹೆಚ್ಚು.

ಈಗ ಅವರು ಕ್ಲಿನಿಕ್ ಮುಚ್ಚಿದ್ದಾರೆ. ಶಿಷ್ಯರು ಬನಶಂಕರಿ, ವಸಂತಪುರ, ಎಲ್ಲೆಡೆ ಇದ್ದಾರೆ. ಕಳೆದ ತಿಂಗಳು ಅವರದೇ ಮಂಡಿನೋವಿಗೆ ಜೆ.ಪಿ. ನಗರದ ಶಿಷ್ಯೆಯ ಬಳಿಗೆ ಕರೆದೊಯ್ದೆ. ಕೂರಲು ಜಾಗವಿಲ್ಲದಷ್ಟು ಜನ. ನೀವು ಮೊದಲು ಒಳಗೆ ಹೋಗಿ ಎಂದು ಅಲ್ಲಿನ ಹುಡುಗಿ ಕರೆದರೆ ದೊಡ್ಡಪ್ಪ ಒಪ್ಪಲಿಲ್ಲ.

"ಬೇಡಮ್ಮ, ಕ್ಯೂನಲ್ಲೇ ಇರ್ತೀನಿ. ನೋಡೋಕೆ ಚೆನ್ನಾಗಿದೆ."

ಎದುರಿಗಿದ್ದ ಹೆಂಗಸೊಬ್ಬಳು, ಮೊದಲು ಲೋಟ ಎತ್ತಲೂ ಆಗುತ್ತಿರಲಿಲ್ಲ, ಈಗ ಮಾತ್ರೆಯಿಂದ ಪರವಾಗಿಲ್ಲ ಎಂದು ಪಕ್ಕದವರಿಗೆ ಹೇಳುತ್ತ, ಎರಡೂ ಕೈ ಎತ್ತಿ ಸರಕ್ಕನೆ ತುರುಬು ಕಟ್ಟಿಕೊಂಡಳು. ದೊಡ್ಡಪ್ಪ ಅವಳನ್ನೇ ನೋಡುತ್ತಿದ್ದರು. ನನಗೆ ಮುಜುಗರವಾಗಿ, ಹಾಗೆ ನೋಡಬೇಡಿ ಎಂದು ಪಿಸುಗುಟ್ಟಿದೆ.

"ನಮ್ಮಮ್ಮಂಗೆ ಕೈ ಮೇಲೆತ್ತೋಕೆ ಆಗ್ತಿರ್ಲಿಲ್ಲ ಕಣೆ," ಎಂದರು. "ಯಾರ ಹತ್ರ ಕರ್ಕೊಂಡು ಹೋಗ್ಬೇಕು ಅಂತಾನೂ ನಮಗೆ ಗೊತ್ತಿರ್ಲಿಲ್ಲ. ಸ್ಕೂಲಿಗೆ ಹೋಗೋ ಮುಂಚೆ ನಾನೇ ಜಡೆ ಹಾಕ್ತಿದ್ದೆ."

ಕನ್ನಡಕ ತೆಗೆದು ಒರೆಸಿಕೊಂಡರು.

"ಪಾಪ, ದಿನಾ ಸೊಟ್ಟ ಜಡೇಲೇ ಓಡಾಡಿದ್ಲು."