ಸೈತಾನನಿಗೆ ಅಡ್ಡ ಹಿಡಿದ ಚಂದ್ರಿಕೆ

ಸೈತಾನ ನೋಡಲು ಹೇಗಿರುತ್ತಾನೆ ಎಂಬ ಕುತೂಹಲ ನನಗೆ ಚಿಕ್ಕಂದಿನಿಂದಲೂ ಇದೆ. ಚರ್ಚಿನ ಭಾನುವಾರದ ಶಾಲೆಯ ಪಟದಲ್ಲಿ ಅವನಿಗೆ ಕೊಂಬು, ಬಾಲ ಎಲ್ಲ ಇದ್ದವು. ಅಲ್ಲಿ ಪಾಠ ಹೇಳುತ್ತಿದ್ದ ನನ್ನ ಸೋದರತ್ತೆ ಮಾತ್ರ, "ಆ ಪಟ ನಂಬಬೇಡ ಕಣಪ್ಪ. ಅವನು ಇಸ್ತ್ರಿ ಬಟ್ಟೆ ಹಾಕ್ಕೊಂಡು, ನಯವಾಗಿ ಮಾತಾಡ್ಕೊಂಡು ಬರ್ತಾನೆ" ಎನ್ನುತ್ತಿದ್ದರು. ಬಂದರೆ ಹೆದರಬಾರದು, ರಾಜಿಯಾಗಬಾರದು, ದೇವರನ್ನು ನೆನೆದು ಎದುರು ನಿಂತರೆ ಅವನೇ ಓಡುತ್ತಾನೆ ಎಂಬುದು ಅತ್ತೆಯ ಪಾಠ. ಅಂದಿನಿಂದ ಇಸ್ತ್ರಿ ಬಟ್ಟೆ ತೊಟ್ಟ ಅಪರಿಚಿತರನ್ನೆಲ್ಲ ನಾನು ಅನುಮಾನದಿಂದಲೇ ನೋಡುತ್ತ ಬಂದೆ. ಪಾಪ, ಅವರಲ್ಲಿ ಹೆಚ್ಚಿನವರು ವಿಮೆ ಮಾಡಿಸಲು ಬಂದವರು.

ಇಷ್ಟು ಎಚ್ಚರವಾಗಿದ್ದ ನನ್ನ ಮನೆಗೇ ಅವನು ಕೊಂಬು ಸಮೇತ ಬಂದುಬಿಟ್ಟ. ಶಾಲೆ ಮೇಷ್ಟ್ರ ಸಂಬಳದಲ್ಲೇ ಮೇಲೂರಿನಲ್ಲಿ ನಾವು ಮನೆ ಕಟ್ಟಿಸುತ್ತಿದ್ದೆವು. ಮೇಸ್ತ್ರಿ ವೆಂಕಟರಮಣಪ್ಪ ಬಾಗಿಲ ಮೇಲೆ ಒಂದು ದೃಷ್ಟಿಬೊಂಬೆ ತೂಗುಹಾಕಿದ. ಕೆಂಪು ಮುಖ, ಎರಡು ಕೊಂಬು, ಹುರಿಮೀಸೆ, ಗಲ್ಲ ದಾಟಿದ ನಾಲಿಗೆ. ನನ್ನ ಹೆಂಡತಿ ಗ್ರೇಸ್ ಅದನ್ನು ನೋಡಿ ಅಂಗಳದಲ್ಲೇ ನಿಂತುಬಿಟ್ಟಳು.

"ರೀ, ಭಾನುವಾರ ಅಯ್ಯನೋರು ಮನೆ ಪ್ರಾರ್ಥನೆಗೆ ಬರ್ತಾರೆ. ಈ ಸೈತಾನನ ಮುಖ ಇಳಿಯೋ ತನಕ ನಾನಿಲ್ಲಿ ಒಲೆ ಹಚ್ಚಲ್ಲ."

ಮೇಸ್ತ್ರಿಯನ್ನು ಕೇಳಿದೆ. "ವದ್ದು ಸಾರ್, ಮುಟ್ಟಬೇಡಿ! ಜನದ ಕಣ್ಣು ಕೆಟ್ಟದ್ದು. ಅದು ಇಳಿದ್ರೆ ನಮ್ಮೋರು ಯಾರೂ ಕೆಲಸಕ್ಕೆ ಬರಲ್ಲ" ಎಂದ.

"ಅದು ಸೈತಾನ ಅಲ್ಲವೇನಪ್ಪ?"

"ಅಯ್ಯೋ, ಅಂಥೋರನ್ನ ಓಡ್ಸಕ್ಕೇ ಅಲ್ವಾ ಅದನ್ನ ಕಟ್ಟಿರೋದು!"

ನನಗೆ ತಲೆ ಕೆರೆದುಕೊಳ್ಳುವಂತಾಯಿತು. ನಾವು ಯಾರನ್ನು ಓಡಿಸಬೇಕೆನ್ನುತ್ತೇವೋ ಅವನನ್ನೇ ಈತ ಕಾವಲಿಗೆ ಇಟ್ಟಿದ್ದಾನೆ! ಈ ವಿಚಾರವನ್ನು ಬಿಡಿಸುತ್ತ ಕೂರುವಷ್ಟು ಸಮಯವಿರಲಿಲ್ಲ. ಬಾಡಿಗೆ ಮನೆ ಬಿಡುವುದಾಗಿ ಹೇಳಿಯಾಗಿತ್ತು. ಬೊಂಬೆ ಇಳಿದರೆ ಮನೆ ಮುಗಿಯುವುದಿಲ್ಲ, ಇಳಿಯದಿದ್ದರೆ ಹೆಂಡತಿ ಒಳಗೆ ಬರುವುದಿಲ್ಲ. ಎದುರಿಸಿ ನಿಲ್ಲಬೇಕಾದ ಹೊತ್ತಿನಲ್ಲಿ ನಾನು ರಾಜಿಯಾದೆ. ಪಕ್ಕದ ರೇಷ್ಮೆ ಮನೆಯಿಂದ ಒಂದು ಚಂದ್ರಿಕೆ, ಅಂದರೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆ, ತಂದು ಬೊಂಬೆಗೆ ಅಡ್ಡ ಕಟ್ಟಿದೆ. ಗ್ರೇಸ್ ಮುಖ ಸಿಂಡರಿಸಿದಳು, ಆದರೂ ಆ ಒಂದು ದಿನಕ್ಕೆ ಒಪ್ಪಿದಳು.

ಭಾನುವಾರ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಾಗಿಲಲ್ಲಿ ನಿಂತೆ. ಪಾಸ್ಟರ್ ಅಯ್ಯನವರು ಬಂದವರೇ ಮೇಲೆ ನೋಡಿದರು. "ಸ್ತೋತ್ರ ಮೇಷ್ಟ್ರೇ. ಇದೇನು, ಚಂದ್ರಿಕೆ?"

"ಹುಳು ಸಾಕೋ ಯೋಚನೆ ಇದೆ ಅಯ್ಯನೋರೇ. ಬಿಸಿಲಿಗೆ ಒಣಗಲಿ ಅಂತ ಕಟ್ಟಿದೀವಿ" ಎಂದೆ, ಬಹಳ ನಯವಾಗಿ.

ಅಯ್ಯನವರು ಒಳ್ಳೆಯ ಮನುಷ್ಯರು. ಮನೆಗಾಗಿ ಎಷ್ಟು ಪ್ರಾರ್ಥಿಸಿದರೋ ಹುಳುವಿಗಾಗಿಯೂ ಅಷ್ಟೇ ಪ್ರಾರ್ಥಿಸಿದರು. ಹುಳುವಿಗೆ ರೋಗ ಬಾರದಿರಲಿ, ಗೂಡು ಗಟ್ಟಿಯಾಗಲಿ ಎಂದು ಅವರು ಕಣ್ಣುಮುಚ್ಚಿ ಬೇಡುವಾಗ ಗ್ರೇಸ್ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಆಮೆನ್ ಮಾತ್ರ ಗಟ್ಟಿಯಾಗಿಯೇ ಹೇಳಿದೆ.

ಊಟಕ್ಕೆ ಬಂದಿದ್ದ ವೆಂಕಟರಮಣಪ್ಪ ಎಲ್ಲವನ್ನೂ ಕೈಮುಗಿದುಕೊಂಡು ಕೇಳಿಸಿಕೊಂಡಿದ್ದ. ಪ್ರಾರ್ಥನೆ ಮುಗಿದದ್ದೇ ಏಣಿ ತಂದು ಹತ್ತಿದ. "ಅಯ್ನೋರು ಇಷ್ಟು ಬೇಡ್ಕೊಂಡ ಮೇಲೆ ಇನ್ನು ಬೊಂಬೆ ಯಾಕೆ ಸಾರ್? ಕೆಲಸದೋರಿಗೆ ನಾನು ಹೇಳ್ತೀನಿ" ಎಂದು ಚಂದ್ರಿಕೆ ಸರಿಸಿ, ಬೊಂಬೆಯನ್ನು ಇಳಿಸಿ ಎಲ್ಲರ ನಡುವೆ ಇಟ್ಟ.

ಅಯ್ಯನವರು ಬಿದ್ದು ಬಿದ್ದು ನಕ್ಕರು. "ಈ ಮಣ್ಣಿನ ಮುಖಕ್ಕೆ ಇಷ್ಟು ಹೆದರೋದಾ ಮೇಷ್ಟ್ರೇ? ಇರಲಿ. ಹಾಗಾದ್ರೆ ಹುಳು?"

ಅದು ಸುಳ್ಳು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು, "ಬರೋ ತಿಂಗಳು ಶುರು" ಎಂದೆ.

ಈಗ ಹೊಸ ಮನೆಯ ದೊಡ್ಡ ಕೋಣೆಯಲ್ಲಿ ರೇಷ್ಮೆ ಹುಳು ಇವೆ, ನಾವು ನಡುಮನೆಯಲ್ಲಿ ಮಲಗುತ್ತೇವೆ. ಚರ್ಚಿನಲ್ಲಿ ಅಯ್ಯನವರು ನನಗಿಂತ ಮೊದಲು ಹುಳುವಿನ ಕ್ಷೇಮ ವಿಚಾರಿಸುತ್ತಾರೆ. ಗ್ರೇಸ್ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ, "ಬಾಗಿಲಲ್ಲಿದ್ದವನು ಪಾಪ, ಏನೂ ಕೇಳ್ತಿರಲಿಲ್ಲ ಕಣ್ರೀ. ನಿಮ್ಮ ಸುಳ್ಳು ಹಗಲೂ ರಾತ್ರಿ ತಿನ್ನುತ್ತೆ" ಎನ್ನುತ್ತಾಳೆ. ಅತ್ತೆ ಹೇಳಿದ್ದು ಸರಿಯಾಗಿಯೇ ಇತ್ತು. ಇಸ್ತ್ರಿ ಬಟ್ಟೆ, ನಯವಾದ ಮಾತು. ಇಷ್ಟು ವರ್ಷ ನಾನು ಬೀದಿಯ ಕಡೆಗಷ್ಟೇ ನೋಡುತ್ತಿದ್ದೆ.