ಏಕನಾಥ ಬಡಿಸಿದ ಹೋಳಿಗೆ

ಬಡಿಸಲು ಗೊತ್ತುಮಾಡಿದ್ದ ಭಟ್ಟರಿಗೆ ಬೆಳಿಗ್ಗೆ ಜ್ವರ ಬಂದದ್ದೇ ಎಲ್ಲಕ್ಕೂ ಮೂಲವಾಯಿತು.

೧೯೩೬ರ ಮಾಘ ಮಾಸ. ಧಾರವಾಡದ ಮಾಳಮಡ್ಡಿಯಲ್ಲಿ ತಾರಾಬಾಯಿಯ ಮಗಳು ಮೃಣಾಲಿನಿಯ ನಿಶ್ಚಯ. ಹುಬ್ಬಳ್ಳಿಯಿಂದ ಬೀಗರ ಕಡೆಯ ಹದಿನೇಳು ಜನ ಬಂದಿಳಿದಿದ್ದರು. ಊಟದ ಮೇಲೆ ತಾಂಬೂಲ ಬದಲಾಯಿಸಿದರೆ ಸಂಬಂಧ ಗಟ್ಟಿ. ಹುಡುಗಿಗೆ ತಂದೆ ಇಲ್ಲ. ಮನೆಗೆ ಇದ್ದ ಒಬ್ಬನೇ ಗಂಡಸು ಸೋದರಮಾವ ಏಕನಾಥ; ಬಡಿಸುವ ಕೆಲಸ ಅವನ ತಲೆಗೇ ಬಂತು.

ಏಕನಾಥ ಛಾಪಖಾನೆಯಲ್ಲಿ ಕರಡು ತಿದ್ದುತ್ತಿದ್ದ. ನಾಲ್ಕು ಪುಟದಲ್ಲಿ ಒಂದು ಕೊಂಬು ಬಿಟ್ಟುಹೋದರೂ ಅವನಿಗದು ಅಂಗಿಯೊಳಗೆ ಹೊಕ್ಕ ಇರುವೆಯಂತೆ ಕಚ್ಚುತ್ತಿತ್ತು. ಮನುಷ್ಯರ ಮುಖ ಮಾತ್ರ ಅವನಿಗೆ ಓದಲು ಬಾರದ ಲಿಪಿ. ಹಿತ್ತಾಳೆ ಪಾತ್ರೆಗೆ ಸೌಟು ಕೆರೆದರೆ ಹಲ್ಲೆಲ್ಲ ಬೇರುಸಹಿತ ಜುಮ್ಮೆನ್ನುತ್ತಿದ್ದವು. ಅದಕ್ಕೇ ಸಾರು, ಹುಳಿಗಳನ್ನು ಬಿಟ್ಟು, ಸದ್ದು ಮಾಡದ ಹೋಳಿಗೆ ತುಂಬಿದ ಅಗಲ ಪರಾತ ಎತ್ತಿಕೊಂಡ.

"ಹೆಂಗ ಬಡಸಲಿ ಅಕ್ಕಾ?"

"ಅದರಾಗೇನದ? ಬೇಕಂದವರಿಗೆ ಹಾಕು."

ಮೊದಲ ಎಲೆಯಲ್ಲಿ ವರನ ತಂದೆ ಯಜ್ಞೇಶ್ವರರಾಯರು.

"ಹೋಳಗಿ ಬೇಕೇನ್ರಿ?"

"ಛೇ ಛೇ, ಬ್ಯಾಡ್ರಿ."

ಏಕನಾಥ ಮುಂದೆ ನಡೆದ. ಪಕ್ಕದವರು ಎಲೆಗೆ ಎರಡೂ ಕೈ ಅಡ್ಡ ಹಿಡಿದರು, ನಡುವೆ ಒಂದು ಹೋಳಿಗೆ ಜಾರುವಷ್ಟು ಸಂದಿ ಬಿಟ್ಟು. ಅವನಿಗೆ ಕೈ ಕಂಡವು, ಸಂದಿ ಕಾಣಲಿಲ್ಲ. ಹದಿನೇಳು ಎಲೆ ದಾಟಿ ಅಡಿಗೆಮನೆಗೆ ಮರಳಿದಾಗ ಒಯ್ದ ಐವತ್ತು ಹೋಳಿಗೆಗಳೂ ಪರಾತದಲ್ಲೇ ಇದ್ದವು.

ನೆರೆಮನೆಯ ಅಂಬಾಬಾಯಿ ಎದೆ ಹಿಡಿದುಕೊಂಡರು. "ಅಯ್ಯ ನಮ್ಮವ್ವ! ಬೀಗರಿಗೆ ಬರೇ ಎಲಿ ತೋರಸಿ ಬಂದ್ಯಲ್ಲೋ! ಮದವಿ ಮಾಡಾಂವೋ, ಮುರ್ಯಾಂವೋ?"

"ಅವರು ಬ್ಯಾಡಂದ್ರು."

"ಬೀಗರು ಬೇಕು ಅಂತಾರೇನೋ? ಬ್ಯಾಡನ್ನೋದು ಮರ್ಯಾದಿ! ಬ್ಯಾಡಂದವರಿಗೇ ಹಾಕಬೇಕು."

"ಇದನ್ನ ಮೊದಲ ಹೇಳಬಾರದೇನ್ರಿ?" ಎಂದು ಏಕನಾಥ ತಿರುಗಿ ಹೊರಟ.

ಯಜ್ಞೇಶ್ವರರಾಯರು "ಬ್ಯಾಡ" ಎಂದರು, ಒಂದು ಬಿತ್ತು. "ಬ್ಯಾಡೋ ಮಾರಾಯಾ", ಇನ್ನೊಂದು. "ಖರೇನ ಬ್ಯಾಡ್ರೀ!" ಮೂರನೆಯದು. ಏಳನೆಯ 'ಬ್ಯಾಡ'ಕ್ಕೆ ರಾಯರ ದನಿ ಉಡುಗಿತು. ಎಲೆಯ ಮೇಲೆ ಬಣವೆ ಎದ್ದಿತ್ತು. ಅವರ ತಮ್ಮ ರಮಾಕಾಂತರಾಯರು ಹಸಿವೆಗೆ ಸಂಕೋಚ ಬಿಟ್ಟು, "ಇಲ್ಲೆ ಹಾಕ್ರಿ, ನಾಕು ಹಾಕ್ರಿ!" ಎಂದರು.

ಏಕನಾಥ ಅವರನ್ನು ದಾಟಿ ಹೋದ.

ರಮಾಕಾಂತರಾಯರು ಎಲೆ ಬಿಟ್ಟು ಎದ್ದರು. "ಅಣ್ಣಾ, ಏಳು! ಕರದು ಅಪಮಾನ ಮಾಡಲಿಕ್ಕತ್ತಾರ. ನಾಕರ ಗಾಡಿಗೆ ಹೋಗೋಣು, ತಾಂಬೂಲನೂ ಬ್ಯಾಡ, ಏನೂ ಬ್ಯಾಡ."

ಒಳಗೆ ಹೂ ಮುಡಿಯುತ್ತಿದ್ದ ಮೃಣಾಲಿನಿಯ ಕೈ ಜಡೆಯಲ್ಲೇ ನಿಂತಿತು.

"ಯಾಕ್ರಿ ಹಿಂಗ ಮಾಡಿದ್ರಿ?" ಯಜ್ಞೇಶ್ವರರಾಯರು ಕೇಳಿದರು.

"ಮೊದಲ ಬೇಕಂದವರಿಗೆ ಹಾಕು ಅಂದ್ರು, ಹಂಗ ಮಾಡಿದೆ. ಆಮ್ಯಾಲೆ ಬ್ಯಾಡಂದವರಿಗೆ ಹಾಕು ಅಂದ್ರು, ಅದನ್ನೂ ಮಾಡಿದೆ," ಎಂದ ಏಕನಾಥ. "ಎಷ್ಟು ಬೇಕು ಅಂತ ನೀವ ಹೇಳಿದ್ರ ಅಷ್ಟ ಹಾಕತಿದ್ದೆ. ಯಾರೂ ಹೇಳವಲ್ರಿ."

ಯಜ್ಞೇಶ್ವರರಾಯರ ಹೊಟ್ಟೆ ನಗೆಯಿಂದ ಕುಲುಕತೊಡಗಿತು. "ನಲವತ್ತು ವರ್ಷ ಬ್ಯಾಡಂತಂದು ತಿಂದು ತಿಂದು ಈ ಹೊಟ್ಟಿ ಹಿಂಗ ಬೆಳದದ. ಮೊದಲನೇ ಸಲ ಒಬ್ಬರು ನನ್ನ ಮಾತು ಕೇಳಿದ್ರಪಾ! ನನಗ ಒಂದೂವರಿ ಸಾಕು."

"ನನಗ ನಾಕು," ಎಂದು ರಮಾಕಾಂತರಾಯರು ಹೊಸ ಎಲೆ ಹಾಕಿಸಿಕೊಂಡು ಕೂತರು.

"ಎರಡು." "ಮೂರು." "ಅರ್ಧ ಸಾಕ್ರಿ, ತುಪ್ಪ ಬ್ಯಾಡ." ಏಕನಾಥ ಹೇಳಿದಷ್ಟೇ ಹಾಕಿದ. ರಾಯರ ಬಣವೆಯೊಂದನ್ನು ಬಿಟ್ಟರೆ ಯಾವ ಎಲೆಯಲ್ಲೂ ಚೂರೂ ಉಳಿಯಲಿಲ್ಲ. ತಾಂಬೂಲ ಬದಲಾಯಿತು. ಏಕನಾಥ ನಿಟ್ಟುಸಿರು ಬಿಟ್ಟು ಪರಾತ ಕೆಳಗಿಟ್ಟ.

ಟಾಂಗಾ ಹತ್ತುವ ಮುಂಚೆ ಯಜ್ಞೇಶ್ವರರಾಯರು ನಿಂತರು. "ತಾರಾಬಾಯರ, ನಮ್ಮದೊಂದ ಷರತ್ತು. ಮದವಿ ನಾಕೂ ದಿನ ನಮ್ಮ ಕಡಿ ನಾಕನೂರು ಮಂದಿಗೆ ಇವರ ಬಡಸಬೇಕು."

ಏಕನಾಥ ಬೆವತುಹೋದ. "ಬ್ಯಾಡ್ರಿ. ಖರೇನ ಬ್ಯಾಡ್ರಿ. ಕೈ ಮುಗೀತೇನಿ, ಬ್ಯಾಡ್ರಿ!"

ರಾಯರು ಅಕ್ಕರೆಯಿಂದ ಅವನ ಬೆನ್ನು ತಟ್ಟಿದರು.

"ನೋಡ್ರಿ, ಎಷ್ಟು ಲಗೂ ಮರ್ಯಾದಿನೂ ಕಲತಬಿಟ್ರು!"