ಮಾಸ್ತರರ ಬಿಳಿ ಅಂಗಿಯ ಮೇಲೆ ದೋಣಿಯ ಕೆಸರು ಬಿದ್ದ ಬಗೆ

ಇವರಿಗೆ,
ಶ್ರೀಮಾನ್ ಗೋಪಾಲಕೃಷ್ಣ ಮಾಸ್ತರರು,
ನಿವೃತ್ತ ಕನ್ನಡ ಅಧ್ಯಾಪಕರು ಹಾಗೂ ಸಭಾಭವನ ಸಮಿತಿಯ ಅಧ್ಯಕ್ಷರು,
ದೇವದುರ್ಗ.

ವಿಷಯ: ತಾವು ಕೇಳಿರುವ ಬಹಿರಂಗ ಕ್ಷಮಾಪಣೆಯನ್ನು ಸಲ್ಲಿಸುವಲ್ಲಿ ಎದುರಾಗಿರುವ ಸಣ್ಣಪುಟ್ಟ ತೊಂದರೆಗಳು.

ಮಾನ್ಯರೇ,

ತಮ್ಮ ಆರೋಗ್ಯವನ್ನೂ, ತಮ್ಮ ಕುಟುಂಬದ ಕ್ಷೇಮವನ್ನೂ, ಧೋಬಿಯ ಮನೆಯಲ್ಲಿ ಚೇತರಿಸಿಕೊಳ್ಳುತ್ತಿರುವ ತಮ್ಮ ಬಿಳಿ ಅಂಗಿಯ ದೀರ್ಘಾಯುಷ್ಯವನ್ನೂ ಮೊದಲು ಹಾರೈಸಿ, ಮಾನ್ವಿಯ ಸೈಮಾ ಎಂಬ ನಾನು ಅತ್ಯಂತ ವಿನಯದಿಂದ ಬರೆದುಕೊಳ್ಳುವುದೇನೆಂದರೆ, ಕಳೆದ ವಾರ ತಾವು ವರ್ತಕರ ವಾಟ್ಸಾಪ್ ಬಳಗದಲ್ಲಿ ಹಾಕಿದ ಸಂದೇಶವನ್ನು ನಾನೂ ನನ್ನ ನಾದಿನಿ ನಿಗಾರಳೂ ಓದಿದ್ದೇವೆ. ಅಭಿನಂದನಾ ಸಮಾರಂಭದ ದಿನವೇ ತಮ್ಮ ಮೇಲೆ ಕೆಸರೆಸೆದ ಹೆಂಗಸರು ಇದೇ ಬಳಗದಲ್ಲಿ, ಎಲ್ಲರ ಕಣ್ಣೆದುರು, ಶುದ್ಧ ಕನ್ನಡದಲ್ಲಿ ಕ್ಷಮೆ ಕೇಳಬೇಕು, ಅಲ್ಲಿಯವರೆಗೆ ಯಾರೂ ಅವರಿಗೆ ಕೆಲಸ ಕೊಡಬಾರದು ಎಂದು ತಾವು ಅಪ್ಪಣೆ ಮಾಡಿದ್ದೀರಿ. ಶುದ್ಧ ಕನ್ನಡದ ಬಗ್ಗೆ ತಾವು ಚಿಂತಿಸಬೇಕಾಗಿಲ್ಲ. ತಾವು ಮಾನ್ವಿಯ ಶಾಲೆಯಲ್ಲಿದ್ದಾಗ ನನಗೆ ಪತ್ರಲೇಖನ ಕಲಿಸಿದವರು ತಾವೇ.

ಮೊದಲಿಗೆ ನಮ್ಮ ವ್ಯವಹಾರವನ್ನು ಪರಿಚಯಿಸುವುದು ನನ್ನ ಕರ್ತವ್ಯ. ತಗಡಿನ ಮಾಡಿನ ಅಂಚಿಗೆ ಮಳೆನೀರು ಹರಿದುಹೋಗಲೆಂದು ಕಟ್ಟಿರುವ ದೋಣಿಗಳಲ್ಲಿ ಬೇವಿನ ಎಲೆ, ಗಿರಣಿಯ ಹೊಟ್ಟು, ಹತ್ತಿಯ ಎಳೆ, ಪಾರಿವಾಳದ ಗೂಡು ಎಲ್ಲ ಸೇರಿ ಕೊಳೆಯುತ್ತವಲ್ಲ, ಅವನ್ನು ತೆಗೆದು ನೀರಿಗೆ ದಾರಿ ಮಾಡಿಕೊಡುವುದು ನಮ್ಮ ಕೆಲಸ. ಹೋದ ಮಳೆಗಾಲದವರೆಗೆ ನಾವಿಬ್ಬರೂ ತಗಡಿನ ಕೋಣೆಯೊಂದರಲ್ಲಿ ಬಟ್ಟೆ ಹೊಲಿಯುತ್ತಿದ್ದೆವು. ಒಂದು ದಿನ ದೋಣಿ ಕಟ್ಟಿಕೊಂಡು, ಯಾರದೋ ಮದುವೆಯ ರವಿಕೆಗಳ ಮೇಲೆಲ್ಲ ನೀರು ಸುರಿಯಿತು. ಇಷ್ಟು ಸಣ್ಣ ಕೆಲಸಕ್ಕೆ ಬರಲು ಯಾರೂ ಒಪ್ಪದಿದ್ದಾಗ ನಾನು ಮೇಜಿನ ಮೇಲೆ ಸ್ಟೂಲಿಟ್ಟು ಹತ್ತಿ, ದೋಣಿಯನ್ನು ಚೊಕ್ಕ ಮಾಡಿ, ನಾನು ಆಯ್ಕೆ ಮಾಡಿಕೊಳ್ಳದ ರೀತಿಯಲ್ಲಿ ಕೆಳಗೆ ಬಂದೆ. ಕೈ ಮುರಿಯಿತು. ಪ್ಲಾಸ್ಟರಿನ ಕೈ ನೋಡಲು ಬಂದ ನೆರೆಯವರು ಹೊರಡುವಾಗ ತಮ್ಮ ಮನೆಯ ದೋಣಿಯನ್ನೂ ನೋಡಬಹುದೇ ಎಂದು ಕೇಳಿದರು. ಹೀಗೆ ನಮ್ಮ ವ್ಯವಹಾರಕ್ಕೆ ಮೊದಲು ಬಂದದ್ದು ಬೀಳುವ ಭಯ. ಏಣಿ ಬಂದದ್ದು ಆಮೇಲೆ.

ರಾಯಚೂರಿನಿಂದ ತಂದ ಆ ಅಲ್ಯೂಮಿನಿಯಂ ಏಣಿ ನನ್ನದಾದರೂ ಅದರ ಕಾನೂನು ನಿಗಾರಳದು. ಅದನ್ನು ನಿಲ್ಲಿಸುವ ಮೊದಲು ಅವಳು ನೆಲವನ್ನು ಕಾಲಿನಿಂದ ಒತ್ತಿ ನೋಡುತ್ತಾಳೆ, ದೋಣಿಯ ಮೇಲೆ ಅದರ ಭಾರ ಬೀಳದಂತೆ ಗೋಡೆಗೆ ಒರಗಿಸುತ್ತಾಳೆ, ನಾನು ಪಕ್ಕಕ್ಕೆ ಸ್ವಲ್ಪ ಬಾಗಿದರೂ ಬೈಯುತ್ತಾಳೆ. ಎಲ್ಲಕ್ಕೂ ಮೊದಲು ತಲೆಯೆತ್ತಿ ತಂತಿ ಹುಡುಕುತ್ತಾಳೆ. ಕುರ್ಡಿ ಗ್ರಾಮದಲ್ಲಿ ಬೂದೆಮ್ಮ ಎಂಬ ಅಜ್ಜಿ ಇದನ್ನು ನೋಡಿ, "ಯಾಕಬೇ ಯವ್ವಾ, ಮಳಿ ನೋಡಾಕತ್ತೀಯೋ, ದೇವರ್ನ ನೋಡಾಕತ್ತೀಯೋ?" ಎಂದು ಕೇಳಿದ್ದರು. "ಕರೆಂಟ್ ನೋಡಾಕತ್ತೀನಿ ಅಜ್ಜಿ. ಅದು ಕಂಡ್ರ ದೇವರು ಕಾಣೂದು ತಪ್ತದ" ಎಂದಳು ನಿಗಾರ್.

ಇಂಥ ನಮ್ಮನ್ನು ತಾವು ಆ ದಿನ ಮುಂಜಾನೆ ಫೋನು ಮಾಡಿ ಕರೆದಿರಿ. ರಾತ್ರಿ ಮಳೆ ಬಿದ್ದು ಸಭಾಭವನದ ವೇದಿಕೆಯ ಮೇಲೆ ನೀರು ಸೋರಿತ್ತು. ಅಂದೇ ತಮ್ಮ ಅಭಿನಂದನಾ ಸಮಾರಂಭ. ಅಭಿನಂದನಾ ಸಮಿತಿಯ ಅಧ್ಯಕ್ಷರೂ ತಾವೇ ಆಗಿದ್ದುದರಿಂದ ಓಡಾಟವೆಲ್ಲ ತಮ್ಮ ಮೇಲೆಯೇ ಬಿದ್ದಿತ್ತು. "ಲಗೂ ಬರ್ರವ್ವಾ, ನನ್ನ ಕುರ್ಚಿ ಮ್ಯಾಲ ನೀರ್ ಬೀಳಾಕತ್ತದ" ಎಂದ ತಮ್ಮ ಧ್ವನಿಯಲ್ಲಿನ ಕಳವಳ ಕೇಳಿ ನಾವು ಚಹಾ ಕೂಡ ಕುಡಿಯದೆ ಹೊರಟು ಬಂದೆವು.

ಗೋಡೆಯ ತುದಿಯಲ್ಲಿ ಏಣಿಯನ್ನು ಕಟ್ಟಲು ಕೊಂಡಿ ಇರಲಿಲ್ಲ. ಹಾಗಾಗಿ ನಿಗಾರಳೇ ನಮ್ಮ ಹಗ್ಗ. ನಾನು ಮಾಡಿನ ಮೇಲೆ ಕಾಲಿಟ್ಟು, ಅರ್ಧ ದೋಣಿಯ ಕೆಸರು ತೆಗೆದ ಮೇಲೆ, ಹಿಂದಿನ ಕೊಳವೆಯಲ್ಲಿ ನೀರು ಇಳಿಯುತ್ತಿದೆಯೇ ಎಂದು ನೋಡಲು ಅವಳು ಭವನದ ಹಿಂದಕ್ಕೆ ಹೋದಳು. ಅಷ್ಟರಲ್ಲಿ ತಾವು ಬಾಗಿಲಿನ ಎದುರಿಗೆ ಕಟ್ಟಿದ್ದ ತಮ್ಮ ಫ್ಲೆಕ್ಸನ್ನು ಪರಿಶೀಲಿಸಲು ಬಂದಿರಿ. ಭಾವಚಿತ್ರವು ಬಹಳ ಚೆನ್ನಾಗಿತ್ತೆಂದು ಈ ಸಂದರ್ಭದಲ್ಲಿ ಹೇಳಲೇಬೇಕು. ತಾವು ನನಗೆ ಪಾಠ ಹೇಳುತ್ತಿದ್ದ ಕಾಲಕ್ಕಿಂತ ಅದರಲ್ಲಿ ಚಿಕ್ಕವರಾಗಿ ಕಾಣುತ್ತಿದ್ದಿರಿ. ಆದರೆ ಹೂಕುಂಡಗಳು ಅಡ್ಡ ಬಂದು ಗಲ್ಲ ಮರೆಯಾಗಿತ್ತು. ತಾವು ಶಾಮಿಯಾನದ ಕೆಲಸದ ಹುಲಗಪ್ಪನನ್ನು ಕರೆದು, "ಏ ಹುಲಗಪ್ಪಾ, ನನ್ನ ಮಾರಿ ಪೂರಾ ಕಾಣವಲ್ದು. ಆ ನಿಚ್ಚಣಿಕಿ ತಗೊಂಡ್ ಬಾ, ಮ್ಯಾಲ ಕಟ್ಟು" ಎಂದಿರಿ.

"ಸರ್, ನಾ ಇನ್ನಾ ಮ್ಯಾಲ ಅದೀನ್ರಿ" ಎಂದು ನಾನು ಕೂಗಿ ಹೇಳಿದೆ.

"ಐದ್ ನಿಮಿಷ ಕುಂದ್ರವ್ವಾ. ಅಲ್ಲಿಂದ ಎಲ್ಲಿ ಓಡಿ ಹೋಗ್ತಿ?" ಎಂದಿರಿ ತಾವು.

ಈ ಮಾತಿನ ಸತ್ಯವನ್ನು ನಾನು ಅಲ್ಲಗಳೆಯಲಾರೆ.

ಇನ್ನು ಮುಂದಿನದು ತಮಗೆ ಗೊತ್ತಿಲ್ಲದ ಭಾಗ, ಏಕೆಂದರೆ ತಾವು ಆಗ ತಮ್ಮನ್ನೇ ನೋಡಿಕೊಳ್ಳುತ್ತಿದ್ದಿರಿ. ಅಂಗಳದ ತುಂಬ ಕುರ್ಚಿಗಳಿದ್ದುದರಿಂದ ಹುಲಗಪ್ಪ ಏಣಿಯನ್ನು ಮಲಗಿಸದೆ, ಎಳೆದುದ್ದ ಮಾಡಿದ ಹಾಗೆಯೇ ನೆಟ್ಟಗೆ ಹಿಡಿದು ಹೆಜ್ಜೆ ಹಾಕಿದ. ತಾವು ಅದರ ಕೆಳಗಿನ ಮೆಟ್ಟಿಲನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣನ್ನು ಫ್ಲೆಕ್ಸಿನಲ್ಲಿ ನೆಟ್ಟು, "ಇನ್ನಾ ಸ್ವಲ್ಪ ಹಿಂದ, ಇನ್ನಾ ಹಿಂದ" ಎನ್ನುತ್ತಿದ್ದಿರಿ. ತಮ್ಮ ಹಿಂದೆ, ಕಂಬದಿಂದ ಕಂಬಕ್ಕೆ, ಕರೆಂಟಿನ ಬರಿ ತಂತಿ ಹಾದುಹೋಗಿತ್ತು. ಕೆಳಗಿನವರಿಗೆ ಅದು ಆಕಾಶದ ಒಂದು ಗೆರೆ. ಮಾಡಿನ ಮೇಲೆ ನಿಂತವಳಿಗೆ ಅದು ಕಣ್ಣಿನ ಮಟ್ಟದಲ್ಲಿತ್ತು, ಏಣಿಯ ತುದಿ ತೂಗಾಡುತ್ತ ಅದರ ಕಡೆಗೇ ಹೊರಟಿತ್ತು.

ನಾನು ಕೂಗಿದೆ. ಮೈಕಿನವರು ಅದೇ ಹೊತ್ತಿಗೆ ಹಾಡು ಹಚ್ಚಿದ್ದರು. ಇನ್ನೊಮ್ಮೆ ಕೂಗಿದೆ, ಅದೂ ಹಾಡಿನಲ್ಲಿ ಮುಳುಗಿತು. ಇಬ್ಬರು ಮನುಷ್ಯರು ನನ್ನ ಕಣ್ಣೆದುರಿಗೆ ಸುಟ್ಟುಹೋಗುವುದನ್ನು ನಾನು ಇಲ್ಲಿ ನಿಂತು ನೋಡಬೇಕಾಗುತ್ತದೆ ಎಂದು ಅನ್ನಿಸಿದಾಗ ನನಗೆ ಆದದ್ದನ್ನು ಬರೆಯುವ ವಿಧಾನವನ್ನು ತಾವು ಪತ್ರಲೇಖನದಲ್ಲಿ ಕಲಿಸಿರಲಿಲ್ಲ. ಕೈಯಲ್ಲಿ ದೋಣಿಯ ಕೆಸರಿತ್ತು. ಎಸೆದೆ. ಮೊದಲನೆಯ ಹಿಡಿ ಹೂಕುಂಡಕ್ಕೆ ಬಿತ್ತು. ಬಾಗಿ ಎರಡೂ ಕೈ ತುಂಬ ಬಾಚಿಕೊಂಡು ಮತ್ತೆ ಎಸೆದೆ, ಅದು ತಮ್ಮ ಕುತ್ತಿಗೆಯಿಂದ ಎದೆಯವರೆಗೆ ಹರಡಿತು. ತಾವು ಏಣಿ ಬಿಟ್ಟು ಹಿಂದಕ್ಕೆ ಹಾರಿದಿರಿ, ಹುಲಗಪ್ಪ ಬೆಚ್ಚಿ ಕೈ ಬಿಟ್ಟ, ಏಣಿ ಕುರ್ಚಿಗಳ ಮೇಲೆ ಅಡ್ಡ ಬಿತ್ತು. ತಂತಿ ತನ್ನ ಪಾಡಿಗೆ ತಾನಿತ್ತು.

ಆಮೇಲೆ ತಾವು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ಪಠ್ಯಪುಸ್ತಕದವಲ್ಲ. "ತಂತಿ ರೀ ಸರ್, ತಂತಿ!" ಎಂದು ನಾನು ತೋರಿಸುತ್ತಿದ್ದರೂ ತಾವು ಅಂಗಿಯನ್ನಷ್ಟೇ ನೋಡಿದಿರಿ. ಏಣಿಯನ್ನು ಸಾಮಾನಿನ ಕೋಣೆಯಲ್ಲಿ ಹಾಕಿಸಿ ಕೀಲಿ ಜಡಿಸಿ, "ಕಾರ್ಯಕ್ರಮ ಮುಗಿಯೂ ತನಕ ಆಕಿ ಅಲ್ಲೇ ಇರ್ಲಿ, ಬುದ್ಧಿ ಬರ್ತದ" ಎಂದಿರಿ.

ಬಿಸಿಲೇರಿ ತಗಡು ಕಾದಂತೆ, ಕೆಸರು ಹಾಕಲು ತಂದ ಗೋಣಿಚೀಲವನ್ನು ಮಡಚಿ ಅದರ ಮೇಲೆ ಕುಳಿತು, ತಮ್ಮ ಅಭಿನಂದನಾ ಭಾಷಣಗಳನ್ನು ಮೊದಲಿನಿಂದ ಕೊನೆಯವರೆಗೆ ಕೇಳುವ ಭಾಗ್ಯ ನನಗೆ ದೊರೆಯಿತು. ಕೆಳಗಿದ್ದವರು ಊಟದ ವಾಸನೆ ಬಂದೊಡನೆ ಎದ್ದುಹೋದರೆಂದು ಕೇಳಿದ್ದೇನೆ. ಆದ್ದರಿಂದ ಪೂರ್ತಿ ಕೇಳಿದವಳು ನಾನೊಬ್ಬಳೇ ಇರಬೇಕು. ತಾವು ಎಂದೂ ಯಾರನ್ನೂ ಕೈಬಿಟ್ಟವರಲ್ಲ ಎಂದು ಒಬ್ಬರು ಹೇಳಿದಾಗ ಚಪ್ಪಾಳೆ ತಟ್ಟಲು ಹೋದೆ, ಅಂಗೈ ಸುಟ್ಟಿತ್ತು. ಅಂಚಿನಿಂದ ಕೆಳಗೆ ಇಣುಕಿದಾಗಲೆಲ್ಲ ನಿಗಾರ್ ಕಾಣುತ್ತಿದ್ದಳು. ಏಣಿ ಇದ್ದ ಜಾಗದಲ್ಲೇ, ಅದೇ ಬಿಸಿಲಿನಲ್ಲಿ, ಮುಖ ಮೇಲೆತ್ತಿ ನಿಂತಿದ್ದಳು. ನೆರಳಿಗೆ ಹೋಗು ಎಂದು ಕೈ ಮಾಡಿದರೆ ತಲೆಯಾಡಿಸಿದಳು. ನಡುವೆ ಅಡಿಗೆಯವರು ಕೊಟ್ಟ ನೀರಿನ ಬಾಟಲಿಯನ್ನು ಎಸೆದಳು, ಹಿಡಿದೆ. ಕುಡಿಯುವಾಗ ನನಗೆ ಮೊದಲ ಬಾರಿ ಅಳು ಬಂತು.

ಮಧ್ಯಾಹ್ನ ಕೀಲಿಯನ್ನು ಹೇಗೋ ತಂದು ಏಣಿ ಹಚ್ಚಿದವನು ಹುಲಗಪ್ಪ. ಅವನು ಎರಡು ದಿನ ಬಿಟ್ಟು ಮಾನ್ವಿಯ ನಮ್ಮ ಮನೆಗೆ ಬಂದು, ಬಾಗಿಲ ಹೊರಗೇ ನಿಂತು, "ಅಕ್ಕಾ, ನಾ ಆ ತಂತಿ ನೋಡೇ ಇರ್ಲಿಲ್ಲ. ಮನಿಗಿ ಹೋಗಿ ಉಣ್ಣಾಕ ಕುಂತಾಗ ನೆನಪಾತು. ತುತ್ತು ಇಳೀವಲ್ದು" ಎಂದ. ನಿಗಾರ್ ಅವನನ್ನು ಒಳಗೆ ಕರೆದು ಚಹಾ ಕೊಟ್ಟಳು. "ಮಾಸ್ತರ್ಗೆ ಹೇಳಿದ್ಯಾ?" ಎಂದು ನಾನು ಕೇಳಿದೆ. "ಹೇಳೀನಿ ಅಕ್ಕಾ. ಅವ್ರು, ಆಗ ಕರೆಂಟೇ ಇರ್ಲಿಲ್ಲ ಅಂದ್ರು" ಎಂದ.

ಮಾನ್ಯರೇ, ತಮ್ಮ ಸಂದೇಶದಲ್ಲಿಯೂ ಇದನ್ನೇ ಬರೆದಿದ್ದೀರಿ. ಮೈಕಿನ ಹಾಡಿನಿಂದಾಗಿ ನನ್ನ ಕೂಗು ತಮಗೆ ಕೇಳಲಿಲ್ಲವೆಂದು ಮೊದಲ ವಾಕ್ಯದಲ್ಲಿಯೂ, ಆ ಹೊತ್ತಿನಲ್ಲಿ ಕರೆಂಟ್ ಇರಲಿಲ್ಲವೆಂದು ಮರುವಾಕ್ಯದಲ್ಲಿಯೂ ತಿಳಿಸಿದ್ದೀರಿ. ಕರೆಂಟಿಲ್ಲದೆ ಹಾಡುವ ಆ ಮೈಕು ಎಲ್ಲಿ ಸಿಗುತ್ತದೆಂದು ತಿಳಿಸಿದರೆ ಮಾನ್ವಿಯಲ್ಲಿ ಅದಕ್ಕೆ ಒಳ್ಳೆಯ ಗಿರಾಕಿ ಇದೆ.

ಒಬ್ಬ ಹೆಣ್ಣುಮಗಳು ಸಭ್ಯ ರೀತಿಯಲ್ಲಿ ಎಚ್ಚರಿಸಬಹುದಿತ್ತು ಎಂದೂ ಬರೆದಿದ್ದೀರಿ. ಒಪ್ಪಿದೆ. "ಪೂಜ್ಯರೇ, ತಮ್ಮ ಅಮೂಲ್ಯ ಹಸ್ತಗಳನ್ನು ಏಣಿಯಿಂದ ದಯಮಾಡಿ ಹಿಂದೆಗೆದುಕೊಳ್ಳಬೇಕಾಗಿ ಪ್ರಾರ್ಥನೆ" ಎಂಬ ವಾಕ್ಯವನ್ನು ನಾನು ಮನೆಯಲ್ಲಿ ಹೇಳಿ ನೋಡಿದೆ. ಎಷ್ಟು ಬೇಗ ಹೇಳಿದರೂ ಅದು ಮುಗಿಯುವುದರೊಳಗೆ ತಾವು ಮುಗಿದಿರುತ್ತಿದ್ದಿರಿ. ಆದ್ದರಿಂದ ವ್ಯಾಕರಣ ಬಲ್ಲ ತಾವೇ, ಗೌರವ ಕುಂದದಂತೆ ವಿದ್ಯುತ್ತಿಗಿಂತ ಮೊದಲು ತಲುಪುವ ಒಂದು ಬಹುವಚನದ ಕ್ರಿಯಾಪದವನ್ನು ರಚಿಸಿಕೊಡಬೇಕು. ಅದು ಸಿದ್ಧವಾಗುವವರೆಗೆ ಆ ತಂತಿಗೂ ಒಂದು ಸಂದೇಶ ಕಳಿಸಿ, ಸಮಿತಿಯ ಅಧ್ಯಕ್ಷರು ಮುಟ್ಟಿದಾಗ ಸುಮ್ಮನಿರುವಂತೆ ಸೂಚಿಸಬೇಕು. ಬಿಳಿ ಅಂಗಿಗೆ ಒಪ್ಪುವ ಬಣ್ಣದ ಕೆಸರನ್ನೇ ದೋಣಿಗಳಲ್ಲಿ ತುಂಬುವಂತೆ ಬೇವಿನ ಮರಗಳಿಗೂ ಪಾರಿವಾಳಗಳಿಗೂ ತಾವು ಅಪ್ಪಣೆ ಮಾಡಿದರೆ ಇನ್ನೂ ಒಳ್ಳೆಯದು.

ತಮ್ಮ ಸಂದೇಶಕ್ಕೆ ಫಲ ಸಿಕ್ಕಿದೆ. ಪೋತ್ನಾಳದ ಅಕ್ಕಿ ಗಿರಣಿಯವರು ಬರಬೇಡಿ ಎಂದರು. ಮಸರಕಲ್ಲಿನ ಗೋದಾಮಿನವರು ಫೋನು ಎತ್ತುತ್ತಿಲ್ಲ. ಮಳೆಗಾಲಕ್ಕೆ ಮುಂಚಿನ ಈ ಕೆಲವು ವಾರಗಳೇ ನಮ್ಮ ಸುಗ್ಗಿ, ಮತ್ತು ಹೊಲಿಗೆಯ ಯಂತ್ರಗಳನ್ನು ನಾವು ಮಾರಿಯಾಗಿದೆ. ಮೊನ್ನೆ ನಿಗಾರ್, "ಕ್ಷಮಾ ಕೇಳಿಬಿಡು ಭಾಬಿ, ಎರಡು ಸಾಲು ಬರದ್ರ ಏನ್ ಹೋಗ್ತದ" ಎಂದಳು. ಹಾಗಾಗಿಯೇ ವರ್ತಕರ ಬಳಗದಲ್ಲಿಯೇ ಹಾಕಲೆಂದು ಇದನ್ನು ಬರೆಯಲು ಕುಳಿತೆ. ಬಹಳ ಹೊತ್ತು ಯೋಚಿಸಿದ ಮೇಲೆ ನನ್ನಿಂದ ನಿಜವಾಗಿಯೂ ಒಂದು ತಪ್ಪು ನಡೆದಿದೆ ಎಂದು ಒಪ್ಪಿಕೊಳ್ಳಬೇಕಾಯಿತು. ಅದಕ್ಕಾಗಿ ಈ ಬಳಗದ ಸಮಸ್ತರ ಎದುರು ತಲೆಬಾಗಿ ಕ್ಷಮೆ ಕೋರುತ್ತೇನೆ: ಮೊದಲನೆಯ ಹಿಡಿ ಕೆಸರು ತಮಗೆ ತಾಗಲಿಲ್ಲ. ಇನ್ನು ಮುಂದೆ ಗುರಿಯನ್ನು ಸುಧಾರಿಸಿಕೊಳ್ಳುತ್ತೇನೆ.

ತಾವು ಬದುಕಿರುವುದರಲ್ಲಿ ಸಂತೋಷಪಡುವ,

ತಮ್ಮ ವಿಶ್ವಾಸಿ,
ಸೈಮಾ
ಮಾನ್ವಿ

ತಾಜಾಕಲಂ: ನಿನ್ನೆ ತಾವು ರಾಯಚೂರಿಗೆ ಹೋಗಿದ್ದಾಗ ತಮ್ಮ ಧರ್ಮಪತ್ನಿ ತುಂಗಾಬಾಯಿಯವರು ಫೋನು ಮಾಡಿ ನಮ್ಮನ್ನು ತಮ್ಮ ಮನೆಗೇ ಕರೆಸಿಕೊಂಡರು. ಹಿತ್ತಲಿನ ಪಡಸಾಲೆಯ ದೋಣಿ ಈಗ ಚೊಕ್ಕವಾಗಿದೆ. ಜ್ವರದಲ್ಲೂ ಬಂದಿದ್ದ ನಿಗಾರಳ ಜೊತೆ ಏಣಿಯ ಒಂದು ಕಡೆಯನ್ನು ತುಂಗಾಬಾಯಿಯವರೇ ಸೆರಗು ಸಿಕ್ಕಿಸಿಕೊಂಡು ಹಿಡಿದು ನಿಂತರು. ನಾನು ನೆಲಕ್ಕಿಳಿದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ. ಆಮೇಲೆ ನನ್ನ ಕೈ ಹಿಡಿದುಕೊಂಡು, "ಹುಲಗಪ್ಪ ಬಂದು ಎಲ್ಲಾ ಹೇಳ್ಯಾನ ಯವ್ವಾ. ನನ್ನ ಕುಂಕುಮ ಉಳಿಸಿದಾಕಿ ನೀನು" ಎಂದರು. ಇದನ್ನು ಪತ್ರದಲ್ಲಿ ಬರೆಯಬಹುದೇ ಎಂದು ಕೇಳಿದೆ. "ಬರಿ. ನಾ ಹೇಳಿದ್ರ ಅವ್ರು ಕೇಳಂಗಿಲ್ಲ. ಮಂದಿ ಓದ್ತಾರಂದ್ರ ಕೇಳ್ತಾರ" ಎಂದರು.